ಹಸಿವಿನ ಜಾಡು

ನಮ್ಮ ಊರಿನಲ್ಲಿ ಇಂಗ್ಲಿಷಿನ ಕಾಗದ ಬಂದರೆ ಕೆಲವರು ಅದನ್ನು ನನ್ನ ಬಳಿಗೆ ತರುವ ವಾಡಿಕೆಯುಂಟು. ನಾನು ಕನ್ನಡ ಪಂಡಿತ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಂದ ಪದ್ಯಗಳನ್ನು ಬಿಡಿಸಿ ಅರ್ಥ ಹೇಳುತ್ತ ಬಂದವನು. ಆದರೆ ಮೇಷ್ಟ್ರಾದವನಿಗೆ ಎಲ್ಲ ಕಾಗದಗಳೂ ಅರ್ಥವಾಗುತ್ತವೆಂಬುದು ಜನರ ನಂಬಿಕೆ. ಆ ನಂಬಿಕೆಯನ್ನು ಕೆಡಿಸಲು ನನಗೂ ಮನಸ್ಸು ಬಂದಿರಲಿಲ್ಲ.

ಹೀಗಿರುವಲ್ಲಿ ಒಂದು ಸಂಜೆ, ಬಸ್ ನಿಲ್ದಾಣದ ಬಳಿ ಹೂವು ಮಾರುವ ಒಬ್ಬ ತಾಯಿ ಬೆಂಗಳೂರಿನ ಆಸ್ಪತ್ರೆಯ ಚೀಟಿಯೊಂದನ್ನು ಹಿಡಿದು ಮನೆಗೆ ಬಂದರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಇಪ್ಪತ್ತಮೂರು ವಯಸ್ಸಿನ ಹುಡುಗ, ಲಾರಿಗಳನ್ನು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಕೆಲಸ. ಕೊರಳಿನ ಪಕ್ಕದಲ್ಲಿ ನೋವಿಲ್ಲದ ಒಂದು ಗಂಟು, ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಗಂಟಿನ ಚೂರನ್ನು ತೆಗೆದು ಪರೀಕ್ಷಿಸಿದ ವೈದ್ಯರು, ಅದು ದುಗ್ಧಗ್ರಂಥಿಗಳಿಗೆ ಬರುವ ಒಂದು ಬಗೆಯ ಕ್ಯಾನ್ಸರೆಂದು ತಿಳಿಸಿದ್ದರು. ಲಂಡನ್ನಿನ ವೈದ್ಯ ಥಾಮಸ್ ಹಾಜ್‌ಕಿನ್ ಎಂಬವನು 1832ರಲ್ಲಿ ವರ್ಣಿಸಿದ ರೋಗವಾದ್ದರಿಂದ ಅದಕ್ಕೆ ಆತನದೇ ಹೆಸರು. ಚಿಕಿತ್ಸೆಗೆ ಮೊದಲು ‘ಪೆಟ್ ಸ್ಕ್ಯಾನ್’ ಎಂಬ ಪರೀಕ್ಷೆ ಆಗಬೇಕು, ಇಂಥ ದಿನ ಬರಬೇಕು ಎಂದು ಚೀಟಿಯಲ್ಲಿ ಬರೆದಿತ್ತು.

“ಮೇಷ್ಟ್ರೇ, ಅಣುಬಾಂಬಿನಲ್ಲಿ ಇರೋದನ್ನೇ ನರಕ್ಕೆ ಚುಚ್ತಾರಂತೆ. ಇರೋ ಕಾಯಿಲೆ ಸಾಲದು ಅಂತ ಇದೊಂದು ಬೇರೆ. ಹಾಕಿಸ್ಲೋ ಬೇಡ್ವೋ, ನೀವೇ ಹೇಳಿ” ಎಂದರು ಆ ತಾಯಿ.

ನನಗೆ ತಿಳಿಯದು. ತಿಳಿಯದೆಂದು ಹೇಳಲಿಲ್ಲ. “ಆತುರ ಬೇಡಮ್ಮ, ನೋಡೋಣ” ಎಂದೆ. ಅವರು ಅದನ್ನೇ ನನ್ನ ತೀರ್ಮಾನವೆಂದು ತಿಳಿದು ಹೊರಟುಹೋದರು. ಗೊತ್ತಾದ ದಿನ ಕಳೆದುಹೋಯಿತು. ಮತ್ತೊಂದು ದಿನ ಸಿಕ್ಕಿದ್ದು ಹನ್ನೆರಡು ದಿನಗಳ ಮೇಲೆ. ಈ ನಡುವೆ ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕರನ್ನು ಕೇಳಿ, ಪುಸ್ತಕಗಳನ್ನು ಓದಿ, ಕೊನೆಗೆ ಹುಡುಗನ ಜೊತೆಯಲ್ಲೇ ಬೆಂಗಳೂರಿಗೆ ಹೋಗಿ ವೈದ್ಯರಿಂದ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಆ ಸಂಜೆ ನಾನು ಹೇಳಬೇಕಾಗಿದ್ದ ಉತ್ತರ ಇದು.

ಮೊದಲು ಈ ವಿದ್ಯೆ ಹುಟ್ಟಿದ ಬಗೆಯನ್ನು ನೋಡೋಣ. 1911ರಲ್ಲಿ ಹಂಗೆರಿ ದೇಶದ ಜಾರ್ಜ್ ಡಿ ಹೆವೆಸಿ ಎಂಬ ತರುಣ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡ್ ಅವರ ಪ್ರಯೋಗಶಾಲೆಯನ್ನು ಸೇರಿದ. ರಾಶಿ ಸೀಸದೊಳಗೆ ಬೆರೆತಿದ್ದ ‘ರೇಡಿಯಂ ಡಿ’ ಎಂಬ ವಿಕಿರಣ ವಸ್ತುವನ್ನು ಬೇರ್ಪಡಿಸುವ ಕೆಲಸವನ್ನು ಅವನಿಗೆ ವಹಿಸಿದರು. ಎಷ್ಟು ಹೆಣಗಿದರೂ ಅದು ಬೇರೆಯಾಗಲಿಲ್ಲ. ಆಗುವಂತೆಯೂ ಇರಲಿಲ್ಲ, ಏಕೆಂದರೆ ರೇಡಿಯಂ ಡಿ ಎಂಬುದೂ ಸೀಸವೇ. ರಾಸಾಯನಿಕ ಗುಣದಲ್ಲಿ ಎರಡೂ ಒಂದೇ, ಪರಮಾಣುವಿನ ತೂಕ ಮಾತ್ರ ಬೇರೆ. ಇಂಥವನ್ನು ಸಮಸ್ಥಾನಿಗಳು ಎನ್ನುತ್ತಾರೆ.

ಸೋತ ಹೆವೆಸಿ ಆ ಸೋಲನ್ನೇ ತಿರುಗಿಸಿ ನೋಡಿದ. ಬೇರ್ಪಡಿಸಲು ಬರದಿದ್ದರೆ, ಸಾಮಾನ್ಯ ಸೀಸಕ್ಕೆ ಒಂದು ಚಿಟಿಕೆ ವಿಕಿರಣ ಸೀಸವನ್ನು ಬೆರೆಸಿಬಿಟ್ಟರೆ ಅವೆರಡೂ ಎಲ್ಲಿಗೆ ಹೋದರೂ ಜೊತೆಯಾಗಿಯೇ ಹೋಗಬೇಕಷ್ಟೆ. ವಿಕಿರಣವನ್ನು ಹಿಡಿಯುವ ಉಪಕರಣ ಕೈಯಲ್ಲಿದ್ದರೆ ಕಣ್ಣಿಗೆ ಕಾಣದ ಸೀಸದ ಜಾಡನ್ನು ಹಿಡಿದುಹೋಗಬಹುದು. 1913ರಲ್ಲಿ ವಿಯೆನ್ನಾದಲ್ಲಿ ಪನೆತ್ ಎಂಬ ಜೊತೆಗಾರನೊಂದಿಗೆ ಅವನು ಇದನ್ನು ಪ್ರಯೋಗದಲ್ಲಿ ತೋರಿಸಿದ. 1923ರಲ್ಲಿ ಅವರೆಯ ಜಾತಿಯ ಗಿಡಗಳು ಬೇರಿನಿಂದ ಸೀಸವನ್ನು ಹೀರಿ ಎಲ್ಲೆಲ್ಲಿಗೆ ಸಾಗಿಸುತ್ತವೆಂದು ಕಂಡುಹಿಡಿದ. 1935ರ ಸುಮಾರಿನಲ್ಲಿ ಇಲಿಗಳಿಗೆ ವಿಕಿರಣ ರಂಜಕವನ್ನು ಉಣಿಸಿ, ಮೂಳೆ ಕಲ್ಲಿನಂತೆ ಸ್ಥಿರವಲ್ಲ, ಸದಾ ಹಳೆಯದನ್ನು ಬಿಟ್ಟು ಹೊಸದನ್ನು ತೆಗೆದುಕೊಳ್ಳುತ್ತಿರುತ್ತದೆಂದು ತೋರಿಸಿದ. 1943ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಅವನಿಗೆ ಸಂದಿತು.

ಮ್ಯಾಂಚೆಸ್ಟರಿನಲ್ಲಿ ಅವನು ಊಟಕ್ಕಿದ್ದ ಮನೆಯ ಕಥೆಯೊಂದನ್ನು ಹೇಳುತ್ತಾರೆ. ಮನೆಯಾಕೆ ಮಿಕ್ಕ ಅಡಿಗೆಯನ್ನೇ ವಾರವೆಲ್ಲ ಬೇರೆ ಬೇರೆ ರೂಪದಲ್ಲಿ ಬಡಿಸುತ್ತಾಳೆಂದು ಹೆವೆಸಿಗೆ ಅನುಮಾನ. ಕೇಳಿದರೆ ಆಕೆ ಒಪ್ಪುವಳೆ? ಒಂದು ದಿನ ತಟ್ಟೆಯಲ್ಲಿ ಉಳಿಸಿದ ತುತ್ತಿಗೆ ಇಷ್ಟೇ ಇಷ್ಟು ವಿಕಿರಣ ವಸ್ತುವನ್ನು ಸೇರಿಸಿಟ್ಟ. ಕೆಲವು ದಿನಗಳ ಮೇಲೆ ಬಡಿಸಿದ ಹೊಸ ತಿನಿಸಿನ ಹತ್ತಿರ ಉಪಕರಣವನ್ನು ಹಿಡಿದಾಗ ಅದು ಹಳೆಯ ತುತ್ತನ್ನು ಗುರುತಿಸಿಬಿಟ್ಟಿತಂತೆ! ವಿಕಿರಣದ ಅಪಾಯ ಇನ್ನೂ ಸರಿಯಾಗಿ ತಿಳಿಯದಿದ್ದ ಕಾಲದ ಆಟ ಅದು, ಇಂದು ಯಾರೂ ಮಾಡತಕ್ಕದ್ದಲ್ಲ. ಆದರೆ ಕ್ಯಾನ್ಸರಿನ ಪರೀಕ್ಷೆಯ ತಿರುಳು ಈ ಕಥೆಯಲ್ಲಿಯೇ ಇದೆ. ಗುರುತು ಹಾಕಿದ ತುತ್ತನ್ನು ಒಳಕ್ಕೆ ಬಿಟ್ಟು, ಅದು ಎಲ್ಲಿ ಸೇರುತ್ತದೆಂದು ಹೊರಗಿನಿಂದ ನೋಡುವುದು.

ಹಾಗಾದರೆ ಗೆಡ್ಡೆಗೆ ಪ್ರಿಯವಾದ ತುತ್ತು ಯಾವುದು? ಸಕ್ಕರೆ. ಜರ್ಮನಿಯ ಆಟೋ ವಾರ್‌ಬರ್ಗ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಆರೋಗ್ಯವಂತ ಜೀವಕೋಶವು ಗ್ಲೂಕೋಸನ್ನು ಆಮ್ಲಜನಕದೊಡನೆ ಸಾವಧಾನವಾಗಿ ಉರಿಸಿ ಪೂರ್ತಿ ಶಕ್ತಿಯನ್ನು ಪಡೆಯುತ್ತದೆ. ಗೆಡ್ಡೆಯ ಜೀವಕೋಶವಾದರೋ ಆಮ್ಲಜನಕ ಬೇಕಾದಷ್ಟಿದ್ದರೂ ಗ್ಲೂಕೋಸನ್ನು ಅರ್ಧಂಬರ್ಧ ಒಡೆದು ಬಿಸಾಡುತ್ತದೆ. ಇಂಥ ದುಂದುಗಾರನಿಗೆ ಎಷ್ಟು ತಂದರೂ ಸಾಲದು. ಆದುದರಿಂದ ಹಲವು ಬಗೆಯ ಕ್ಯಾನ್ಸರುಗಳು ನೆರೆಯ ಜೀವಕೋಶಗಳಿಗಿಂತ ಅದೆಷ್ಟೋ ಹೆಚ್ಚಾಗಿ ಸಕ್ಕರೆಯನ್ನು ಸೆಳೆದುಕೊಳ್ಳುತ್ತವೆ.

ಈ ಹಸಿವನ್ನೇ ಬಲೆಯಾಗಿ ಮಾಡಿಕೊಂಡ ವಸ್ತುವಿನ ಹೆಸರು ಫ್ಲೂರೊಡಿಆಕ್ಸಿಗ್ಲೂಕೋಸ್, ಚಿಕ್ಕದಾಗಿ ಎಫ್.ಡಿ.ಜಿ. ಗ್ಲೂಕೋಸಿನ ಅಣುವಿನಲ್ಲಿ ಒಂದು ಕಡೆ ಆಮ್ಲಜನಕವಿರುವ ಭಾಗವನ್ನು ತೆಗೆದು ಅಲ್ಲಿ ಫ್ಲೂರಿನ್-18 ಎಂಬ ವಿಕಿರಣ ಪರಮಾಣುವನ್ನು ಕೂರಿಸಿರುತ್ತಾರೆ. ಜೀವಕೋಶದ ಬಾಗಿಲಿಗೆ ಈ ವೇಷ ತಿಳಿಯುವುದಿಲ್ಲ, ಸಕ್ಕರೆಯೆಂದೇ ಒಳಕ್ಕೆ ಬಿಡುತ್ತದೆ. ಒಳಗೆ ಮೊದಲನೆಯ ಸಂಸ್ಕಾರವೂ ನಡೆಯುತ್ತದೆ, ಅಣುವಿಗೆ ಒಂದು ರಂಜಕದ ಮುದ್ರೆ ಬೀಳುತ್ತದೆ. ಆದರೆ ಮುಂದಿನ ಹೆಜ್ಜೆಯಲ್ಲಿ ಗುಟ್ಟು ಬಯಲು. ಅಕ್ಕಿಯೊಡನೆ ಬಂದ ಕಲ್ಲು ಎಷ್ಟು ಬೇಯಿಸಿದರೂ ಅನ್ನವಾಗದಂತೆ, ಇದು ಅರಗುವುದಿಲ್ಲ. ಮುದ್ರೆ ಬಿದ್ದಿರುವುದರಿಂದ ಹಿಂದಕ್ಕೆ ಹೊರಡುವುದೂ ಕಷ್ಟ. ಹೀಗೆ ಹೆಚ್ಚು ಹಸಿದ ಕಡೆ ಹೆಚ್ಚು ಕಲ್ಲುಗಳು ಕೂಡಿಕೊಳ್ಳುತ್ತವೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ತತ್ಸುವೊ ಇದೊ, ಆಲ್‌ಫ್ರೆಡ್ ವುಲ್ಫ್ ಮೊದಲಾದವರು ಇದನ್ನು ತಯಾರಿಸಿದರು. 1976ರ ಆಗಸ್ಟಿನಲ್ಲಿ ಫಿಲಡೆಲ್ಫಿಯಾದಲ್ಲಿ ಮೊಟ್ಟಮೊದಲು ಮನುಷ್ಯರಿಗೆ ಕೊಟ್ಟು ನೋಡಿದರು. ಆಗ ಅವರಿಗೆ ಬೇಕಾಗಿದ್ದುದು ಮಿದುಳಿನ ಅಧ್ಯಯನ, ಗೆಡ್ಡೆಗಳ ಕಡೆಗೆ ಗಮನ ಹರಿದದ್ದು ಆಮೇಲೆ.

ಒಳಗೆ ಕೂಡಿಕೊಂಡದ್ದು ಹೊರಗೆ ಕಾಣುವುದು ಹೇಗೆ? ಫ್ಲೂರಿನ್-18 ಒಡೆಯುವಾಗ ಪಾಸಿಟ್ರಾನ್ ಎಂಬ ಕಣವೊಂದು ಹೊರಡುತ್ತದೆ. ಅದು ಎಲೆಕ್ಟ್ರಾನಿನ ಅವಳಿಯಂತಿದ್ದರೂ ವಿದ್ಯುದಂಶ ಮಾತ್ರ ವಿರುದ್ಧ. ಕೂದಲೆಳೆಯಷ್ಟು ದೂರ ಹೋಗುವುದರೊಳಗೆ ಅದಕ್ಕೆ ಎಲೆಕ್ಟ್ರಾನೊಂದು ಎದುರಾಗುತ್ತದೆ. ಎರಡೂ ಇಲ್ಲವಾಗಿ, ಆ ಸ್ಥಳದಿಂದ ಎರಡು ಗಾಮಾ ಕಿರಣಗಳು ಒಂದಕ್ಕೊಂದು ಬೆನ್ನುಮಾಡಿ ಎದುರುಬದುರು ದಿಕ್ಕಿಗೆ ಹೊರಡುತ್ತವೆ. ರೋಗಿಯ ಸುತ್ತ ಬಳೆಯಂತಿರುವ ಯಂತ್ರದಲ್ಲಿ ಎರಡು ಕಡೆ ಒಂದೇ ಗಳಿಗೆಗೆ ಸದ್ದಾದರೆ, ಆ ಎರಡನ್ನೂ ಕೂಡಿಸುವ ಗೆರೆಯ ಮೇಲೆ ಎಲ್ಲೋ ಆ ಪರಮಾಣು ಇತ್ತೆಂದು ತಿಳಿಯಿತು. ಇಂಥ ಲಕ್ಷಾಂತರ ಗೆರೆಗಳು ಎಲ್ಲಿ ಒತ್ತಾಗಿ ಹಾಯುತ್ತವೆಯೋ ಅಲ್ಲಿ ಸಕ್ಕರೆ ಕೂಡಿದೆ. ಇಷ್ಟೇ ಪೆಟ್ ಸ್ಕ್ಯಾನಿನ ಲೆಕ್ಕ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಫೆಲ್ಪ್ಸ್, ಹಾಫ್‌ಮನ್ ಮೊದಲಾದವರು 1970ರ ದಶಕದ ನಡುವಿನಲ್ಲಿ ಇದರ ಯಂತ್ರವನ್ನು ರೂಪಿಸಿದರು. ಈಗ ಇದರೊಡನೆ ಸಿ.ಟಿ. ಯಂತ್ರವನ್ನೂ ಜೋಡಿಸಿರುತ್ತಾರೆ. ಸಿ.ಟಿ. ಅಂಗದ ಆಕಾರವನ್ನು ಹೇಳುತ್ತದೆ, ಪೆಟ್ ಅದರ ಹಸಿವನ್ನು ಹೇಳುತ್ತದೆ.

ಇನ್ನು ಆ ತಾಯಿಯ ಭಯದ ಮಾತಿಗೆ ಬರುತ್ತೇನೆ. ವಿಕಿರಣವೆಂದರೆ ಭಯವಿರುವುದು ತಪ್ಪಲ್ಲ. ಆದರೆ ಎಷ್ಟು, ಎಷ್ಟು ಹೊತ್ತು ಎಂಬುದನ್ನು ಕೇಳಬೇಕು. ಒಬ್ಬ ರೋಗಿಗೆ ಕೊಡುವ ಎಫ್.ಡಿ.ಜಿ.ಯಲ್ಲಿ ವಿಕಿರಣ ಬೀರುವ ಅಣುಗಳನ್ನೆಲ್ಲ ಕೂಡಿಸಿ ತೂಗಿದರೆ ಸುಮಾರು ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಇದರಿಂದ ದೇಹಕ್ಕೆ ತಗಲುವ ವಿಕಿರಣ ಸಾಮಾನ್ಯವಾಗಿ ನಾಲ್ಕರಿಂದ ಏಳು ಮಿಲಿಸೀವರ್ಟ್. ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ಭೂಮಿಯ ಮೇಲಿನ ಮನುಷ್ಯನಿಗೆ ತಾನಾಗಿಯೇ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ತಗಲುತ್ತಲೇ ಇರುತ್ತದೆ. ಅಂದರೆ ಎರಡು ಮೂರು ವರ್ಷಗಳದ್ದು ಒಂದೇ ದಿನ ಬಂದಂತಾಯಿತು. ಸಿ.ಟಿ.ಯ ಪಾಲು ಇದಕ್ಕೆ ಸೇರುತ್ತದೆ. ಸುಮ್ಮನೆ ಕುತೂಹಲಕ್ಕೆ ಮಾಡಿಸಿಕೊಳ್ಳುವ ಪರೀಕ್ಷೆ ಇದಲ್ಲ. ಕ್ಯಾನ್ಸರ್ ಇದೆಯೆಂದು ತಿಳಿದವನಿಗೆ, ಅದು ಎಲ್ಲೆಲ್ಲಿದೆ ಎಂದು ತಿಳಿಯದೆ ಚಿಕಿತ್ಸೆ ಮಾಡುವುದರ ಮುಂದೆ ಇದು ಸಣ್ಣ ಅಪಾಯ.

ಎಷ್ಟು ಹೊತ್ತು ಎಂಬುದನ್ನು ಆ ತಾಯಿಗೆ ತಿಳಿಸಲು ನನಗೆ ಅವರ ಬುಟ್ಟಿಯೇ ನೆರವಾಯಿತು. “ನಿಮ್ಮ ಮಲ್ಲಿಗೆ ಬೆಳಗ್ಗೆ ಇದ್ದ ಹಾಗೆ ಸಂಜೆಗೆ ಇರುತ್ತದೆಯೇ ಅಮ್ಮ?” ಎಂದೆ. ಫ್ಲೂರಿನ್-18ರ ಶಕ್ತಿ 110 ನಿಮಿಷಗಳಿಗೆ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಅರ್ಧಾಯುಷ್ಯ ಎನ್ನುತ್ತಾರೆ. ಬೆಳಗ್ಗೆ ಹತ್ತು ಗಂಟೆಗೆ ಚುಚ್ಚಿದರೆ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅರ್ಧ, ಒಂದು ಗಂಟೆ ನಲವತ್ತು ನಿಮಿಷಕ್ಕೆ ಕಾಲು, ಮೂರೂವರೆಗೆ ಅರೆಕಾಲು. ರಾತ್ರಿ ಒಂಬತ್ತಕ್ಕೆ ಅರುವತ್ತನಾಲ್ಕರಲ್ಲಿ ಒಂದು ಪಾಲು. ಮರುದಿನ ಬೆಳಗ್ಗೆ ಹತ್ತಕ್ಕೆ ಎಂಟು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮೂತ್ರದಲ್ಲಿ ಹೊರಟುಹೋಗುವುದು ಬೇರೆ.

ಹೂವಿನಂತೆಯೇ ಇದನ್ನೂ ಕೂಡಿಡಲು ಬರುವುದಿಲ್ಲ, ಅಂದಂದಿನದನ್ನು ಅಂದಂದೇ ತಯಾರಿಸಿ ಬಳಸಬೇಕು. ಆಮ್ಲಜನಕ-18 ಎಂಬ ಭಾರವಾದ ಆಮ್ಲಜನಕವಿರುವ ನೀರಿಗೆ ಸೈಕ್ಲೋಟ್ರಾನ್ ಎಂಬ ಯಂತ್ರದಿಂದ ವೇಗದ ಪ್ರೋಟಾನುಗಳನ್ನು ಹೊಡೆದರೆ ಫ್ಲೂರಿನ್-18 ಹುಟ್ಟುತ್ತದೆ. ನಮ್ಮ ದೇಶದಲ್ಲಿ ವೈದ್ಯಕೀಯಕ್ಕೆಂದೇ ಇರುವ ಮೊದಲನೆಯ ಸೈಕ್ಲೋಟ್ರಾನ್ ಮುಂಬಯಿಯ ವಿಕಿರಣ ವೈದ್ಯಕೇಂದ್ರದಲ್ಲಿ 2002ರಲ್ಲಿ ಆರಂಭವಾಯಿತು. 1963ರಲ್ಲಿ ಸ್ಥಾಪನೆಯಾದ ಆ ಕೇಂದ್ರ ಭಾಭಾ ಅಣುಶಕ್ತಿ ಸಂಶೋಧನ ಸಂಸ್ಥೆಗೆ ಸೇರಿದ್ದು. ಇನ್ನೊಂದು ಸೊಗಸಾದ ಸಂಗತಿಯುಂಟು. ಫ್ಲೂರಿನ್-18 ಒಡೆದ ಮೇಲೆ ಮತ್ತೆ ಆಮ್ಲಜನಕ-18 ಆಗುತ್ತದೆ. ವೇಷ ಕಳಚಿದ ಆ ಅಣುವನ್ನು ದೇಹವು ಸಾಧಾರಣ ಸಕ್ಕರೆಯಂತೆಯೇ ಬಳಸಿ ಮುಗಿಸುತ್ತದೆ.

ಪರೀಕ್ಷೆಯ ದಿನ ಹುಡುಗ ಬರಿಯ ನೀರು ಕುಡಿದು ಖಾಲಿ ಹೊಟ್ಟೆಯಲ್ಲಿ ಬಂದಿದ್ದ. ಉಂಡು ಬಂದರೆ ಗೆಡ್ಡೆಗೆ ಸೇರಬೇಕಾದದ್ದು ಮಾಂಸಖಂಡಗಳಿಗೆ ಸೇರಿಬಿಡುತ್ತದೆ. ಬೆರಳು ಚುಚ್ಚಿ ರಕ್ತದ ಸಕ್ಕರೆಯನ್ನು ನೋಡಿದರು. ಮಧುಮೇಹವಿರುವವರು ಅದನ್ನು ಮುಂಚಿತವಾಗಿ ಹೇಳಲೇಬೇಕು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಹೇಳಬೇಕು. ದಪ್ಪ ಲೋಹದ ಕವಚವಿದ್ದ ಸಿರಿಂಜಿನಿಂದ ಮದ್ದನ್ನು ಕೊಟ್ಟ ದಾದಿ ಬೇಗನೆ ದೂರ ಸರಿದಳು. ಬಾಗಿಲಿನಿಂದ ನೋಡುತ್ತಿದ್ದ ತಾಯಿಯ ಎದೆ ಧಸಕ್ಕೆಂದಿತು. “ನನ್ನ ಮಗನಿಗೆ ಒಳ್ಳೇದಾದ್ರೆ ಅವಳ್ಯಾಕೆ ಓಡ್ತಾಳೆ?” ಎಂದು ನನ್ನನ್ನು ಕೇಳಿದರು. ಸರಿಯಾದ ಪ್ರಶ್ನೆ. ನಾನು ವೈದ್ಯರನ್ನು ಕೇಳಿದೆ. ಅವರ ಉತ್ತರವೂ ಸರಳವಾಗಿತ್ತು. ಹುಡುಗನಿಗೆ ಇದು ಇವತ್ತೊಂದು ದಿನ, ದಾದಿಗೆ ದಿನಕ್ಕೆ ಹಲವು ಸಲ, ವರ್ಷವೆಲ್ಲ. ರೋಗಿಗೆ ಇದರಿಂದ ಲಾಭವಿದೆ, ಆಕೆಗಿಲ್ಲ.

ಆಮೇಲೆ ಒಂದು ಗಂಟೆ ಕಾಲ ಮಂದ ಬೆಳಕಿನ ಕೋಣೆಯಲ್ಲಿ ಮಾತಿಲ್ಲದೆ ಅಲುಗಾಡದೆ ಮಲಗಬೇಕು. ಮಾತನಾಡಿದರೆ ಗಂಟಲಿನ ಸ್ನಾಯುಗಳು ಸಕ್ಕರೆಯನ್ನು ಸೆಳೆದು ಚಿತ್ರವನ್ನು ಕೆಡಿಸುತ್ತವೆಯಂತೆ. ನನ್ನ ತರಗತಿಯಲ್ಲಿ ಅರೆಗಳಿಗೆಯೂ ಬಾಯಿ ಮುಚ್ಚಿ ಕೂತವನಲ್ಲ ಅವನು. ಅಂದು ಕೂತ.

ಚಿತ್ರವನ್ನು ವೈದ್ಯರು ನನಗೂ ತೋರಿಸಿದರು. ಮಿದುಳು ಕಪ್ಪಾಗಿ ತುಂಬಿತ್ತು, ಅದಕ್ಕೆ ಯಾವಾಗಲೂ ಸಕ್ಕರೆ ಬೇಕು. ಮೂತ್ರಪಿಂಡ, ಮೂತ್ರಕೋಶಗಳೂ ಕಂಡವು, ಮದ್ದು ಹೊರಡುವ ದಾರಿ ಅದು. ಇವು ಸಹಜ. ಆದರೆ ಕೊರಳಿನ ಎರಡು ಪಕ್ಕ, ಎದೆಯ ನಡು, ಹೊಟ್ಟೆಯ ಮೇಲ್ಭಾಗ, ಇಲ್ಲೆಲ್ಲ ಇರಬಾರದ ಚುಕ್ಕೆಗಳಿದ್ದವು. ಕೈಗೆ ಸಿಕ್ಕಿದ್ದು ಒಂದು ಗಂಟು, ರೋಗವಿದ್ದುದು ಇಷ್ಟು ಕಡೆ. ಹನ್ನೆರಡು ದಿನ ಹಿಂದೆ ನಾನು ಆಡಿದ “ನೋಡೋಣ” ಎಂಬ ಮಾತು ಆಗ ನನ್ನನ್ನು ಚುಚ್ಚಿತು.

ಈ ಪರೀಕ್ಷೆ ಸರ್ವಜ್ಞನಲ್ಲವೆಂಬುದನ್ನೂ ಹೇಳಬೇಕು. ಸಕ್ಕರೆಗೆ ಹಸಿಯುವುದು ಕ್ಯಾನ್ಸರೊಂದೇ ಅಲ್ಲ. ಕ್ಷಯದ ಗಂಟೂ, ಕೀವೂ, ಊತವೂ ಇದೇ ರೀತಿ ಬೆಳಗಬಹುದು. ಕ್ಷಯ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇದು ಮುಖ್ಯವಾದ ಮಾತು. ಅನುಮಾನ ಬಂದಲ್ಲಿ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೀರ್ಮಾನಿಸಬೇಕು. ನಿಧಾನವಾಗಿ ಬೆಳೆಯುವ ಕೆಲವು ಗೆಡ್ಡೆಗಳಿಗೆ ಸಕ್ಕರೆಯ ಆಸೆ ಕಡಿಮೆ, ಅವು ಕಣ್ತಪ್ಪಿಸಬಹುದು. ಅವುಗಳಿಗೆ ಸಂಶೋಧಕರು ಬೇರೆ ತುತ್ತುಗಳನ್ನು ಹುಡುಕಿದ್ದಾರೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ, ಅದರ ಜೀವಕೋಶಗಳ ಮೈಮೇಲಿರುವ ಒಂದು ಪ್ರೋಟೀನಿಗೆ ಹೋಗಿ ಅಂಟುವ, ಗ್ಯಾಲಿಯಂ-68 ಕಟ್ಟಿದ ಮದ್ದು ಈಗ ಬಳಕೆಯಲ್ಲಿದೆ. ಥೈರಾಯ್ಡಿಗಂತೂ ವಿಕಿರಣ ಅಯೋಡಿನ್ 1940ರ ದಶಕದಿಂದಲೂ ಉಂಟು. ಇನ್ನು, ತೀರ ಚಿಕ್ಕ ಗೆಡ್ಡೆ ಯಾವ ಯಂತ್ರಕ್ಕೂ ಕಾಣದು. ನಮ್ಮ ಹಳೆಯ ವೈದ್ಯಶಾಸ್ತ್ರದಲ್ಲಿ ಗೆಡ್ಡೆಗೆ ಅರ್ಬುದವೆಂದು ಹೆಸರು. ಗಣಿತದಲ್ಲಿ ಅದೇ ಶಬ್ದಕ್ಕೆ ಹತ್ತು ಕೋಟಿ ಎಂದರ್ಥ. ಒಂದು ಘನ ಸೆಂಟಿಮೀಟರಿನ ಗೆಡ್ಡೆಯಲ್ಲಿ ಹತ್ತು ಕೋಟಿಗೆ ಕಡಿಮೆಯಿಲ್ಲದಷ್ಟು ಜೀವಕೋಶಗಳಿರುತ್ತವೆಂದು ವೈದ್ಯರು ಹೇಳಿದಾಗ, ಪಂಡಿತನಾದ ನನಗೆ ಆ ಎರಡು ಅರ್ಥಗಳೂ ಒಟ್ಟಿಗೆ ನೆನಪಾದವು.

ಚಿಕಿತ್ಸೆ ಆರಂಭವಾಯಿತು. ನಾಲ್ಕು ಮದ್ದುಗಳನ್ನು ಕೂಡಿಸಿ ಕೊಡುವ ಕ್ರಮ. ಎರಡು ತಿಂಗಳು ಕಳೆದು ಎರಡು ಸುತ್ತು ಮುಗಿದಾಗ ಮತ್ತೊಮ್ಮೆ ಪೆಟ್ ಮಾಡಿಸಬೇಕೆಂದರು. ತಾಯಿಗೆ ಮತ್ತೆ ಕಳವಳ. ಮಗನ ಕೊರಳನ್ನು ಮುಟ್ಟಿ ನೋಡಿ, “ಗಂಟು ಇನ್ನೂ ಸಿಕ್ತದೆ ಮೇಷ್ಟ್ರೇ, ಮದ್ದು ಹಿಡೀಲಿಲ್ಲ” ಎಂದರು. ಗಂಟು ಚಿಕ್ಕದಾಗಿತ್ತು, ಇತ್ತು ನಿಜ. ಆದರೆ ಎರಡನೆಯ ಚಿತ್ರದಲ್ಲಿ ಕೊರಳೂ ಎದೆಯೂ ಹೊಟ್ಟೆಯೂ ನಿರ್ಮಲವಾಗಿದ್ದವು. ಉಳಿದದ್ದು ಗಾಯ ಮಾದ ಮೇಲೆ ಉಳಿಯುವ ಕಲೆಯಂಥ ನಾರು. ಗಂಟು ಇದೆ, ಅದಕ್ಕೆ ಹಸಿವಿಲ್ಲ. ಬೆರಳಿಗಾಗಲಿ ಸಿ.ಟಿ. ಯಂತ್ರಕ್ಕಾಗಲಿ ಈ ಭೇದ ತಿಳಿಯುವುದಿಲ್ಲ. ಆಕಾರ ಒಂದೇ, ಜೀವ ಮಾತ್ರ ಇಲ್ಲ.

ಇದರಿಂದ ಏನು ಪ್ರಯೋಜನ? ನಾಲ್ಕು ಮದ್ದುಗಳಲ್ಲಿ ಬ್ಲಿಯೊಮೈಸಿನ್ ಎಂಬುದು ಕೆಲವರ ಶ್ವಾಸಕೋಶಗಳನ್ನು ಕೆಡಿಸುತ್ತದೆ. ಬ್ರಿಟನ್ನೂ ಇತರ ಕೆಲವು ದೇಶಗಳೂ ಸೇರಿ, ಹಬ್ಬಿದ ಹಾಜ್‌ಕಿನ್ ರೋಗವಿದ್ದ 1200ಕ್ಕೂ ಹೆಚ್ಚು ಜನರಲ್ಲಿ ನಡೆಸಿದ ಒಂದು ಪರಿಶೀಲನೆಯ ಫಲ 2016ರಲ್ಲಿ ಪ್ರಕಟವಾಯಿತು. ಎರಡು ಸುತ್ತಿನ ಮೇಲೆ ಪೆಟ್ ಚಿತ್ರ ನಿರ್ಮಲವಾಗಿದ್ದವರಲ್ಲಿ ಕೆಲವರಿಗೆ ಆ ಮದ್ದನ್ನು ಬಿಟ್ಟು ಉಳಿದ ಮೂರನ್ನು ಮಾತ್ರ ಮುಂದುವರಿಸಿದರು. ರೋಗ ಹತೋಟಿಯಲ್ಲಿ ಉಳಿದ ಪ್ರಮಾಣ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು, ಶ್ವಾಸಕೋಶದ ತೊಂದರೆ ಮಾತ್ರ ತಗ್ಗಿತ್ತು. ಕ್ಯಾನ್ಸರಿಗೆ ಹೊಸ ಹೊಸ ಮದ್ದನ್ನು ಹುಡುಕುವುದೇ ಸಂಶೋಧನೆಯೆಂದು ನಾನು ತಿಳಿದಿದ್ದೆ. ಇರುವ ಮದ್ದನ್ನು ಯಾರಿಗೆ ಕಡಿಮೆ ಮಾಡಬಹುದು, ಯಾರಿಗೆ ಹೆಚ್ಚಿಸಬೇಕು ಎಂದು ತಿಳಿಯುವುದೂ ಅಷ್ಟೇ ದೊಡ್ಡ ಸಂಶೋಧನೆಯೆಂದು ಈಗ ತಿಳಿಯಿತು. ನಮ್ಮ ಹುಡುಗನಿಗೂ ಆ ಮದ್ದನ್ನು ಬಿಟ್ಟರು. ಗ್ಯಾರೇಜಿನ ಹೊಗೆಯಲ್ಲಿ ದುಡಿದು ಬದುಕಬೇಕಾದವನಿಗೆ ಶ್ವಾಸಕೋಶ ಉಳಿದದ್ದು ಸಣ್ಣ ಮಾತಲ್ಲ.

ಚಿಕಿತ್ಸೆ ಮುಗಿದು ಈಗ ಒಂದೂವರೆ ವರ್ಷವಾಯಿತು. ಅವನು ಕೆಲಸಕ್ಕೆ ಹೋಗುತ್ತಿದ್ದಾನೆ. ವೈದ್ಯರು ಹೇಳಿದ ದಿನಗಳಲ್ಲಿ ತಪ್ಪದೆ ಹೋಗಿ ತೋರಿಸಿ ಬರುತ್ತಾನೆ, ಇನ್ನೂ ಕೆಲವು ವರ್ಷ ಹಾಗೆ ತೋರಿಸುತ್ತಿರಬೇಕು.

ನನ್ನ ಬಳಿಗೆ ಈಗಲೂ ಕಾಗದಗಳು ಬರುತ್ತವೆ. ಓದಲು ಬಂದದ್ದನ್ನು ಓದಿ ಹೇಳುತ್ತೇನೆ. ತಿಳಿಯದಿದ್ದರೆ, “ಇದು ನನಗೆ ತಿಳಿಯದು, ಗೊತ್ತಾದ ದಿನ ತಪ್ಪಿಸಬೇಡಿ, ನಿಮ್ಮ ಭಯವನ್ನೆಲ್ಲ ಅಲ್ಲಿಯೇ ವೈದ್ಯರ ಮುಂದೆ ಹೇಳಿ ಕೇಳಿ” ಎನ್ನುತ್ತೇನೆ. ಬೇಕೆಂದರೆ ಜೊತೆಗೆ ಹೋಗುತ್ತೇನೆ. “ನೋಡೋಣ” ಎಂಬ ಮಾತನ್ನು ಮಾತ್ರ ಬಿಟ್ಟಿದ್ದೇನೆ.